ಕೆಲಸ ಮುಗಿದರೂ ಊರಲ್ಲೇ ಉಳಿದಿದ್ದ ರಸ್ತೆ ಬೋರ್ಡುಗಳನ್ನು ತೆಗೆಸಿದ್ದು ಹೀಗೆ

ನಮ್ಮೂರಿನ ರಸ್ತೆಗೆ ಡಾಂಬರು ಬಿದ್ದು ಒಂದು ಮಳೆಗಾಲವೇ ಕಳೆದಿತ್ತು. ಆದರೂ ‘ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ’ ಎನ್ನುವ ಬೋರ್ಡು ಹಾಲಿನ ಡೈರಿ ಮುಂದೆ ಹಾಗೇ ನಿಂತಿತ್ತು. ಬಸ್‌ಸ್ಟಾಪ್ ಹತ್ತಿರ ಕೆಂಪು ಬಿಳಿ ಪಟ್ಟೆಯ ಡ್ರಮ್ಮುಗಳು, ಶಾಲೆ ತಿರುವಿನಲ್ಲಿ ಹರಿದ ಮರಳು ಮೂಟೆಗಳು, ಚರಂಡಿಯಲ್ಲಿ ಮಕಾಡೆ ಬಿದ್ದ ಬ್ಯಾರಿಕೇಡ್.

ನೋಡಲು ಅಸಹ್ಯ ಎನ್ನುವುದು ಹಾಗಿರಲಿ. ನನಗೆ ಭಯ ಹುಟ್ಟಿಸಿದ್ದು ಅರಳಿಕಟ್ಟೆ ಹತ್ತಿರದ ಬಾಣದ ಬೋರ್ಡು. ರಸ್ತೆ ಅಗೆದಿದ್ದಾಗ ಗಾಡಿಗಳನ್ನು ಕೆರೆ ಏರಿ ಮೇಲಿನ ಮಣ್ಣುದಾರಿಗೆ ತಿರುಗಿಸಲು ಇಟ್ಟಿದ್ದು ಅದು. ಊರಿನವರು ಯಾರೂ ಅದರ ಕಡೆ ನೋಡುವುದೇ ಇಲ್ಲ, ಆದರೆ ತೆಂಗಿನಕಾಯಿ ತುಂಬಲು ಹೊರಗಿನಿಂದ ಬರುವ ಲಾರಿಯವರಿಗೆ ರಾತ್ರಿ ಹೆಡ್‌ಲೈಟ್ ಬೆಳಕಿಗೆ ಫಳಫಳ ಹೊಳೆಯುವುದು ಅದೊಂದೇ, ನಂಬಿ ತಿರುಗಿಸಿಬಿಡುತ್ತಾರೆ. ಒಂದು ಲಾರಿ ಹಾಗೇ ಹೋಗಿ ತೂಬಿನ ಹತ್ತಿರ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂದು ನಿಂತಿತು. ಊರವರು ಟಾರ್ಚ್ ಹಿಡಿದು, ಚಕ್ರ ನೋಡಿಕೊಂಡು, ರಿವರ್ಸ್ ತೆಗೆಸಿದರು. ಮಾರನೇ ದಿನವೇ ನಾನು ಇದಕ್ಕೆ ಕೈ ಹಾಕಿದೆ.

ಸುಮ್ನೆ ಕಿತ್ತು ಬಿಸಾಡಿದರೆ ಆಯ್ತಲ್ವಾ ಅಣ್ಣ ಎಂದರು ಹುಡುಗರು. ಬೇಡ ಎಂದೆ. ಅವು ಕಂಟ್ರಾಕ್ಟರ್ ಸಾಮಾನು, ನಾಳೆ ಕಳ್ಳತನ ಎಂದು ದೂರು ಕೊಟ್ಟರೆ ಹುಡುಗರ ತಲೆಗೇ ಬರುತ್ತದೆ. ಅದೂ ಅಲ್ಲದೆ ಎಲ್ಲಾದರೂ ಕೆಲಸ ನಿಜಕ್ಕೂ ಬಾಕಿ ಇದ್ದರೆ ಅಲ್ಲಿ ಬೋರ್ಡು ಇರಲೇಬೇಕು. ಬಾಣದ ಬೋರ್ಡನ್ನು ಮಾತ್ರ ಪಿಡಿಒ ಅವರಿಗೆ ಹೇಳಿ, ಅವರ ಎದುರಿಗೇ ಗೋಣಿಚೀಲ ಹೊದಿಸಿ ಕಟ್ಟಿದೆವು.

ಆಮೇಲೆ ಯಾವುದು ಯಾರದ್ದು ಎಂದು ನೋಡಬೇಕು. ಬೋರ್ಡಿನ ಹಿಂಭಾಗ ನೋಡಿ, ಪೇಂಟಿನಲ್ಲಿ ಕಂಟ್ರಾಕ್ಟರ್ ಹೆಸರಿನ ಅಕ್ಷರ ಇರುತ್ತದೆ. ನಮ್ಮಲ್ಲಿ ಎರಡು ಬ್ಯಾರಿಕೇಡ್ ರಸ್ತೆಯವರದ್ದಲ್ಲ, ಕುಡಿಯುವ ನೀರಿನ ಪೈಪ್ ಹಾಕಿದವರದ್ದು ಎಂದು ಗೊತ್ತಾಗಿದ್ದೇ ಹೀಗೆ. ಇದನ್ನು ಬೇರೆ ಮಾಡದೆ ಅರ್ಜಿ ಕೊಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಫೋಟೋದಲ್ಲಿ ಬೋರ್ಡು, ಪಕ್ಕದಲ್ಲಿ ಮುಗಿದ ರಸ್ತೆ, ಹತ್ತಿರದ ಕರೆಂಟ್ ಕಂಬದ ನಂಬರ್ ಮೂರೂ ಬರಲಿ. ಜಾಗದ ಬಗ್ಗೆ ವಾದವೇ ಬರುವುದಿಲ್ಲ.

ನಮ್ಮದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ. ಈ ರಸ್ತೆಗಳನ್ನು ಮಾಡಿದ ಕಂಟ್ರಾಕ್ಟರೇ 5 ವರ್ಷ ನಿರ್ವಹಣೆಯನ್ನೂ ಮಾಡಬೇಕು. ದೂರು ಕೊಡಲು ‘ಮೇರಿ ಸಡಕ್’ ಆ್ಯಪ್ ಇದೆ, ಫೋಟೋಗಳನ್ನು ಅದಕ್ಕೂ ಹಾಕಿದೆ. ಆದರೆ ನನ್ನ ಪ್ರಕಾರ ಕಾಗದವೇ ಗಟ್ಟಿ. ಎಂಜಿನಿಯರ್‌ಗೆ ಒಂದೇ ಪುಟದ ಅರ್ಜಿ, ಪಂಚಾಯಿತಿಗೆ ಅದರ ಪ್ರತಿ. ಕೆಲಸ ನಡೆಯುವ ಜಾಗದ ಸಂಚಾರಕ್ಕೆಂದೇ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಮಾರ್ಗಸೂಚಿ ಇದೆ, ಕೆಲಸ ಮುಗಿದ ಮೇಲೆ ಬೋರ್ಡು ತೆಗೆಯಬೇಕು ಎಂದು ಅದರಲ್ಲೇ ಇದೆ. ಅರ್ಜಿಯಲ್ಲಿ ಅದನ್ನೂ ಬರೆದೆ. ನಮ್ಮ ಪ್ರತಿಗೆ ಸೀಲು, ಸಹಿ ಹಾಕಿಸಿಕೊಂಡೇ ಅಲ್ಲಿಂದ ಎದ್ದೆ.

ಕಂಟ್ರಾಕ್ಟರಿಗೆ ಹೇಳುತ್ತೇವೆ ಬಿಡಿ ಎಂದರು ಎಂಜಿನಿಯರ್. ಯಾರೂ ಬರಲಿಲ್ಲ. ಮತ್ತೆ ಹೋದಾಗ ನಾನು ಬೋರ್ಡಿನ ಮಾತೇ ಎತ್ತಲಿಲ್ಲ. “ಸಾರ್, ಈ ಕೆಲಸದ ಕೊನೆ ಬಿಲ್ ಆಗಿದೆಯಾ?” ಎಂದು ಮಾತ್ರ ಕೇಳಿದೆ. ಆಗಿರಲಿಲ್ಲ. ಹಾಗಾದರೆ ಜಾಗ ಖಾಲಿ ಮಾಡಿಕೊಡದೆ ಬಿಲ್ ಹೋದರೆ ಮಾಹಿತಿ ಹಕ್ಕಿನಲ್ಲಿ ಎಂಬಿ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ನಕಲು ಕೇಳುತ್ತೇನೆ ಎಂದೆ. ಜಗಳ ಆಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಆ ವಾರವೇ ಟ್ರ್ಯಾಕ್ಟರ್ ಬಂತು. ನಿಮ್ಮೂರಲ್ಲಿ ರಸ್ತೆ ಕೆಲಸ ಮುಗಿಯುತ್ತಾ ಬಂದಿದ್ದರೆ ಇದೇ ಸಮಯ, ಬಿಲ್ ಆದ ಮೇಲೆ ಹಿಡಿಯುವುದು ಬಹಳ ಕಷ್ಟ.

ಟ್ರ್ಯಾಕ್ಟರ್ ಬಂದ ದಿನ ಜೊತೆಗೇ ನಿಂತು ತುಂಬಿಸಿ. ಇಲ್ಲದಿದ್ದರೆ ಮಾರಿದರೆ ಕಾಸು ಬರುವ ಕಬ್ಬಿಣ ಮಾತ್ರ ಹೋಗುತ್ತದೆ, ಮರಳು ಮೂಟೆ, ಒಡೆದ ಕಾಂಕ್ರೀಟ್ ಬುಡ ಅಲ್ಲೇ ಉಳಿಯುತ್ತವೆ. ಬೋರ್ಡು ಕಿತ್ತ ಗುಂಡಿಗಳನ್ನೂ ಆಗಲೇ ಮುಚ್ಚಿಸಿದೆವು. ಒಂದು ಬೋರ್ಡನ್ನು ಮಾತ್ರ ನಾನೇ ಹೇಳಿ ಅಲ್ಲೇ ಉಳಿಸಿದೆ. ಊರಾಚೆಯ ಮೋರಿಗೆ ಇನ್ನೂ ತಡೆಗೋಡೆ ಕಟ್ಟಿಲ್ಲ, ಅಲ್ಲಿ ಅದು ಬೇಕು. ಗೋಡೆ ಕಟ್ಟಿಸಿ ಎಂದು ಈಗ ಬೇರೆ ಅರ್ಜಿ ಕೊಟ್ಟಿದ್ದೇನೆ, ಅದಕ್ಕೂ ಸೀಲು ಬಿದ್ದಿದೆ.