ಏಳರಲ್ಲಿ ಆರಕ್ಕೆ ವಿಂಡೋಸ್ 11: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಜೊತೆಗೆ ರಿಪೇರಿ ಕೆಲಸವೂ ಇದೆ. ಅಂಗಡಿಯ ಮೂರು, ಒಂದು ಸೊಸೈಟಿಯ ನಾಲ್ಕು, ಒಟ್ಟು ಏಳು ಕಂಪ್ಯೂಟರ್ ನನ್ನ ಕೈಯಲ್ಲಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, ಮುಗಿಯುತ್ತೆ ಅಂದಾಗ ಶಿವಮೊಗ್ಗದ ಡೀಲರ್ ಒಬ್ಬರು ಬಂದು ನೋಡಿ, "ಏಳನ್ನೂ ಗುಜರಿಗೆ ಹಾಕಿ, ಒಂದಕ್ಕೆ 38 ಸಾವಿರದ ಹಾಗೆ ಹೊಸದು ಕೊಡ್ತೀನಿ" ಅಂದರು. ಸೊಸೈಟಿ ಸೆಕ್ರೆಟರಿ ನನ್ನ ಮುಖ ನೋಡಿದರು. "ನಾಲ್ಕು ದಿನ ಟೈಮ್ ಕೊಡಿ ಸಾರ್" ಅಂದೆ. ನಾಲ್ಕು ದಿನ ಹೋಗಿ ಮೂರು ವಾರ ಆಯಿತು. ಆದರೆ ಈಗ ಆರು ಮೆಷಿನ್ 11ರಲ್ಲಿ ಓಡುತ್ತಿವೆ.

ನಾಲ್ಕು ಮೆಷಿನ್ನಿನದ್ದು ಎಂಟನೇ ಜನರೇಷನ್ ಇಂಟೆಲ್ ಪ್ರೊಸೆಸರ್, ಅಂದರೆ 11ಕ್ಕೆ ಆಗುತ್ತೆ ಅಂತ ಮೈಕ್ರೋಸಾಫ್ಟ್ ಕೊಟ್ಟ ಪಟ್ಟಿಯಲ್ಲೇ ಇರುವಂಥವು. ಆದರೂ ಚೆಕ್ ಮಾಡಿದರೆ, 11ಕ್ಕೆ ಬೇಕಾದ ಟಿಪಿಎಂ 2.0 (ಭದ್ರತೆಯ ಚಿಪ್) ಇಲ್ಲ ಅಂತ ಬರುತ್ತಿತ್ತು. ನಾನು ಅವಸರ ಮಾಡಿ ಆನ್‌ಲೈನಲ್ಲಿ ಒಂದು ಟಿಪಿಎಂ ಮಾಡ್ಯೂಲ್ ತರಿಸಿದೆ, ಸುಮಾರು 1,400 ರೂಪಾಯಿ. ಅದು 20 ಪಿನ್ನಿನದ್ದು, ನಮ್ಮ ಮದರ್‌ಬೋರ್ಡಿನಲ್ಲಿ ಅದನ್ನು ಚುಚ್ಚುವ ಜಾಗ 14 ಪಿನ್ನಿನದ್ದು. ಆ ದುಡ್ಡು ದಂಡ. ಆಮೇಲೆ ನೋಡಿದರೆ ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಬೋರ್ಡಿನ ಸೆಟ್ಟಿಂಗ್) ಒಳಗೇ ಟಿಪಿಎಂ ಕೆಲಸ ಮಾಡುವ ಪಿಟಿಟಿ ಅಂತ ಇದೆ, ಆನ್ ಮಾಡಿದರೆ ಮುಗೀತು. ಎಎಂಡಿ ಬೋರ್ಡಲ್ಲಿ ಇದೇ ಎಫ್‌ಟಿಪಿಎಂ ಅಂತ ಇರುತ್ತೆ. ಮಾಡ್ಯೂಲ್ ಕೊಳ್ಳೋಕೆ ಮುಂಚೆ ಅಲ್ಲಿ ನೋಡಿ.

ನಿಜವಾದ ತಲೆನೋವು ಡಿಸ್ಕಿನದ್ದು. 11ಕ್ಕೆ ಬೇಕಾದ ಯುಇಎಫ್‌ಐ ಅನ್ನೋ ಹೊಸ ಬೂಟ್ ರೀತಿಗೆ, ಡಿಸ್ಕ್ ಭಾಗ ಮಾಡಿರುವುದು ಹಳೇ ಎಂಬಿಆರ್ ರೀತಿಯಿಂದ ಜಿಪಿಟಿ ರೀತಿಗೆ ಬದಲಾಗಬೇಕು. ನಮ್ಮ ಕಡೆ ಅಸೆಂಬಲ್ ಮಾಡುವವರು ಸಿ, ಡಿ, ಇ ಅಂತ ಭಾಗ ಮಾಡಿ, ಎಂಬಿಆರ್‌ನಲ್ಲೇ ಹಾಕಿ ಕೊಟ್ಟಿರುತ್ತಾರೆ. ಡಿ, ಇ ಎರಡೂ ಲಾಜಿಕಲ್, ಅಂದರೆ ಒಂದೇ ದೊಡ್ಡ ಭಾಗದೊಳಗೆ ಮಾಡಿದ ಒಳಭಾಗಗಳು. ಅಂಥ ಡಿಸ್ಕನ್ನು, ಹೀಗೆ ಬದಲಿಸಿಕೊಡುವ ವಿಂಡೋಸಿನ ಟೂಲ್ ಎಂಬಿಆರ್‌ಟುಜಿಪಿಟಿ ಮುಟ್ಟೋದೇ ಇಲ್ಲ, ವ್ಯಾಲಿಡೇಷನ್ನಲ್ಲೇ ಫೇಲ್. ಇದು ಗೊತ್ತಾಗೋಕೆ ನನಗೆ ಎರಡು ರಾತ್ರಿ ಬೇಕಾಯಿತು. ಕೊನೆಗೆ ಡಿ, ಇ ಎರಡನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಅಳಿಸಿ, ಆಮೇಲೆ ಕನ್ವರ್ಟ್ ಮಾಡಿದೆ. ಸೊಸೈಟಿಯ ಹದಿನೈದು ವರ್ಷದ ಅಡಿಕೆ ಲೆಕ್ಕ ಅದರಲ್ಲಿತ್ತು. ಹಾಗಾಗಿ ಎರಡು ಕಾಪಿ ಇಟ್ಟುಕೊಂಡೇ ಅಳಿಸಿದ್ದು.

ಜಿಪಿಟಿ ಆದಮೇಲೆ, ಹಳೇ ರೀತಿಯ ಬೂಟಿಗೆ ಬಿಡುವ ಬಯಾಸಿನ ಸಿಎಸ್‌ಎಂ ಆಫ್ ಮಾಡಿದೆ ನೋಡಿ, ಒಂದು ಮೆಷಿನ್ನಲ್ಲಿ ಸ್ಕ್ರೀನೇ ಬರಲಿಲ್ಲ. ಫ್ಯಾನ್ ತಿರುಗುತ್ತೆ, ಬೀಪ್ ಹೊಡೆಯುತ್ತೆ, ಮಾನಿಟರ್ ಕಪ್ಪು. ಬೋರ್ಡೇ ಹೋಯಿತು ಅಂದುಕೊಂಡೆ. ನೋಡಿದರೆ ಅದರಲ್ಲಿದ್ದ ಹಳೇ ಜಿಟಿ 210 ಗ್ರಾಫಿಕ್ಸ್ ಕಾರ್ಡಿಗೆ ಯುಇಎಫ್‌ಐ ಗೊತ್ತೇ ಇಲ್ಲ. ಕಾರ್ಡ್ ಕಿತ್ತು, ಕೇಬಲ್ ಬೋರ್ಡಿಗೇ ಚುಚ್ಚಿದ ಕೂಡಲೇ ಲೋಗೋ ಬಂತು. ಆ ಖುಷಿ ಹೇಳೋಕಾಗಲ್ಲ.

ಮಲೆನಾಡಿನವರು ಇನ್ನೊಂದು ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ಗನ್ನೇ ಕಿತ್ತಿಡುತ್ತೇವೆ ಅಲ್ವಾ? ಬೋರ್ಡಿನ ಮೇಲಿರುವ ಚಿಕ್ಕ ಸಿಮೋಸ್ ಸೆಲ್ ಸತ್ತಿದ್ದರೆ ಬೆಳಗ್ಗೆ ಬಯಾಸ್ ಸೆಟ್ಟಿಂಗ್ ಎಲ್ಲ ಹಳೇದಕ್ಕೆ ವಾಪಸ್, ವಿಂಡೋಸ್ ಬೂಟೇ ಆಗಲ್ಲ. ಸೊಸೈಟಿಯಲ್ಲಿ ಹೀಗೇ ಆಗಿ, "ನಿಮ್ಮ 11 ಕೆಟ್ಟುಹೋಯ್ತು ಮಾರಾಯ್ರೇ" ಅಂತ ಫೋನ್ ಬಂತು. 40 ರೂಪಾಯಿಯ ಸಿಆರ್2032 ಸೆಲ್ ಹಾಕಿದೆ, ಸರಿಹೋಯಿತು. ಈಗ ಏನೇ ಮಾಡುವ ಮುಂಚೆ ಮೊದಲು ಸೆಲ್ ಬದಲಿಸುತ್ತೇನೆ.

ಎರಡು ಆರನೇ ಜನರೇಷನ್ ಐ5 ಇದ್ದವು. ಪಟ್ಟಿಯಲ್ಲಿಲ್ಲ, ಆದರೆ ಪಿಟಿಟಿ, 11 ಕೇಳುವ ಸೀಕ್ಯೂರ್ ಬೂಟ್ ಎರಡೂ ಅವುಗಳಲ್ಲಿವೆ. ಪಟ್ಟಿಯಲ್ಲಿಲ್ಲದ ಮೆಷಿನ್ನಿಗೂ 11 ಹಾಕುವ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಸಾಫ್ಟ್‌ವೇರಿನ ದಾರಿ ಎಲ್ಲರಿಗೂ ಗೊತ್ತು. ನಾನು ಅದಲ್ಲದೆ ಬೇರೆ ರೀತಿ ಮಾಡಿದೆ, ಹಳೇ ಸಾಫ್ಟ್‌ವೇರ್, ನುಡಿ ಫಾಂಟ್, ಪ್ರಿಂಟರ್ ಯಾವುದೂ ಅಲುಗಾಡದ ಹಾಗೆ. ಅದನ್ನು ಇಲ್ಲಿ ಬಿಡಿಸಿ ಬರೆಯಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ. ಲೈಸೆನ್ಸಿಗೆ ಒಂದು ಪೈಸೆ ಖರ್ಚಾಗಲಿಲ್ಲ, 10ರದ್ದೇ 11ಕ್ಕೆ ಬಂತು.

ಏಳನೆಯದು ತೀರಾ ಹಳೇ ಕೋರ್ ಟು ಡ್ಯುಯೋ ಪ್ರೊಸೆಸರಿನದ್ದು. ಹಠಕ್ಕೆ ಬಿದ್ದು ಅದಕ್ಕೂ 11ರ 24ಎಚ್2 ವರ್ಷನ್ ಹಾಕೋಕೆ ಹೋದೆ. ಬೂಟ್ ಆಗಲ್ಲ, ಆ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಅನ್ನುವ ಇನ್‌ಸ್ಟ್ರಕ್ಷನ್ನೇ ಇಲ್ಲ. ಯಾವ ಉಪಾಯಕ್ಕೂ ಅದು ಜಗ್ಗಲ್ಲ. ಸುಮ್ನೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ನೋಡಿದೆ, ಪಿಡಿಎಫ್ ಪ್ರಿಂಟ್ ಕೊಡೋಕೆ ಚೆನ್ನಾಗೇ ಇದೆ. ಆದರೆ ಹಳೇ ನುಡಿ ಫೈಲಲ್ಲಿ ಸಾಲು ಮುರಿಯುವ ಜಾಗ ಬದಲಾಗುತ್ತೆ. ಹಾಗಾಗಿ ಲಗ್ನಪತ್ರಿಕೆ ಕೆಲಸ ಅದರಲ್ಲಿ ಮಾಡಲ್ಲ.

ಇನ್ನು ರ್‍ಯಾಮ್. 4 ಜಿಬಿ ಸಾಕು ಅಂತಾರೆ, ಇನ್‌ಸ್ಟಾಲ್ ಆಗೋಕೆ ಸಾಕು ಅಷ್ಟೇ. ಸುಮ್ನೆ ಆನ್ ಮಾಡಿಟ್ಟರೇ ಮುಕ್ಕಾಲು ಭಾಗ ಅದೇ ತಿನ್ನುತ್ತೆ. ಆರಕ್ಕೂ 8 ಜಿಬಿ ಮಾಡಿದೆ. ಮೂರಕ್ಕೆ 256 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ಎಸ್‌ಎಸ್‌ಡಿ ಒಂದಕ್ಕೆ 1,700 ಇರಬೇಕು, ರ್‍ಯಾಮ್ ಹಳೇದು ಸಿಕ್ಕಿದ್ದರಿಂದ ಒಂದು 700ರ ಹಾಗೆ ಬಿತ್ತು. ದಂಡ ಆದ ಮಾಡ್ಯೂಲ್ ಸೇರಿಸಿದರೂ ಒಟ್ಟು 11 ಸಾವಿರ ದಾಟಲಿಲ್ಲ. ಡೀಲರ್ ಹೇಳಿದ್ದು ಎರಡೂವರೆ ಲಕ್ಷದ ಮೇಲೆ.

ಆರನೇ ಜನರೇಷನ್ನಿನ ಎರಡಕ್ಕೂ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರಲ್ಲ, ನಾನೇ ಹೋಗಿ ಹಾಕಬೇಕು. ಅವುಗಳ ಕ್ಯಾಬಿನೆಟ್ ಮೇಲೆ ಸ್ಟಿಕ್ಕರ್ ಅಂಟಿಸಿ, ಸೆಲ್ ಬದಲಿಸಿದ ತಾರೀಖು, ಮುಂದಿನ ಸಲ ಬರಬೇಕಾದ ತಿಂಗಳು ಎರಡನ್ನೂ ಬರೆದಿಟ್ಟಿದ್ದೇನೆ.