ಇಂಗ್ಲೆಂಡಿನಲ್ಲಿ ಕರುಳಿನ ಉರಿಯೂತ: ಜೀಪಿ ಮುಂದೆ ಸಂಕೋಚ ಬೇಡ

"ಮೋಷನ್‌ನಲ್ಲಿ ರಕ್ತ ಹೋಗ್ತಿದೆ" ಅಂತ ಬಾಯಿಬಿಟ್ಟು ಹೇಳಲು ನಮ್ಮಲ್ಲಿ ಅನೇಕರಿಗೆ ನಾಚಿಕೆ. "ಹೊಟ್ಟೆ ಸರಿ ಇಲ್ಲ" ಅಂದು ಸುಮ್ಮನಾಗುತ್ತೇವೆ. ಆದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕರುಳಿನ ಸ್ಪೆಷಲಿಸ್ಟ್ ಹತ್ತಿರ ಸಾಮಾನ್ಯವಾಗಿ ನಾವೇ ನೇರವಾಗಿ ಹೋಗುವಂತಿಲ್ಲ. ಜೀಪಿ, ಅಂದರೆ ನಿಮ್ಮ ಫ್ಯಾಮಿಲಿ ಡಾಕ್ಟರ್, ಬರೆದು ಕಳಿಸಬೇಕು. ಜೀಪಿ ನಿಮಗೆ ಕೊಡುವ ಸಮಯ ಸುಮಾರು ಹತ್ತು ನಿಮಿಷ. ಹಾಗಾಗಿ ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಎಷ್ಟು ವಾರದಿಂದ, ದಿನಕ್ಕೆ ಎಷ್ಟು ಸಲ, ರಕ್ತ ಇದೆಯೇ, ರಾತ್ರಿ ನಿದ್ದೆಯಿಂದ ಎದ್ದು ಓಡಬೇಕಾಗುತ್ತಿದೆಯೇ, ತೂಕ ಇಳಿದಿದೆಯೇ. ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇದ್ದರೆ ಅದನ್ನೂ ಹೇಳಿ.

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಬೇರೆ, ಐಬಿಡಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್, ಅಂದರೆ ಕರುಳಿನ ಉರಿಯೂತ) ಬೇರೆ. ಐಬಿಎಸ್‌ನಲ್ಲಿ ಕರುಳು ಕಾಟ ಕೊಡುತ್ತದೆ, ಆದರೆ ಹುಣ್ಣಾಗುವುದಿಲ್ಲ. ಐಬಿಡಿಯಲ್ಲಿ ನಿಜವಾಗಿಯೂ ಉರಿಯೂತ ಇರುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ಬರುವುದು ದೊಡ್ಡ ಕರುಳಿನ ಒಳಪದರದಲ್ಲಿ. ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. ಐಬಿಎಸ್ಸೋ ಐಬಿಡಿಯೋ ಎಂದು ಬೇರೆ ಮಾಡಿ ನೋಡಲು ಜೀಪಿ ಹತ್ತಿರ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲ ಪರೀಕ್ಷೆ ಇದೆ. ಅವರು ಹೇಳದಿದ್ದರೆ ನೀವೇ ಕೇಳಿ, ತಪ್ಪೇನಿಲ್ಲ. ಅದರಲ್ಲಿ ಅಂಶ ಜಾಸ್ತಿ ಬಂದರೆ ಮುಂದಿನದು ಆಸ್ಪತ್ರೆ, ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಬಿಟ್ಟು ಕರುಳು ನೋಡುವುದು).

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಕರುಳಿನ ಕ್ಷಯ ನೋಡಲು ಕ್ರೋನ್ಸ್ ತರಹವೇ ಇರುತ್ತದೆ. ಭಾರತದಲ್ಲಿ ಹುಟ್ಟಿ ಬೆಳೆದವರಲ್ಲಿ ಕ್ಷಯದ ರೋಗಾಣು ಸದ್ದಿಲ್ಲದೆ ಮಲಗಿರುವ ಸಾಧ್ಯತೆ ಇಲ್ಲಿಯವರಿಗಿಂತ ಜಾಸ್ತಿ. ಐಬಿಡಿಗೆ ಕೊಡುವ, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್‌ನಂಥ ಬಯಾಲಜಿಕ್ ಇಂಜೆಕ್ಷನ್‌ಗಳು ಅದನ್ನು ಎಬ್ಬಿಸಿಬಿಡಬಹುದು. ಅದಕ್ಕೇ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡುತ್ತಾರೆ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡಿದ್ದರಿಂದ ಈ ರಕ್ತ ಪರೀಕ್ಷೆಯ ಫಲಿತಾಂಶ ಕೆಡುವುದಿಲ್ಲ. ಮನೆಯಲ್ಲಿ ಅಜ್ಜನಿಗೋ ಚಿಕ್ಕಪ್ಪನಿಗೋ ಕ್ಷಯ ಇತ್ತೆಂದರೆ ಮುಚ್ಚಿಡಬೇಡಿ.

ಐಬಿಡಿಗೆ ಕೊಡುವ ಇನ್ನೊಂದು ಔಷಧಿ ಅಜಾಥಯೋಪ್ರಿನ್ ಮಾತ್ರೆ ಬರೆದರೂ ಒಂದು ಪ್ರಶ್ನೆ ಕೇಳಿ. ಇಲ್ಲಿ ಅದಕ್ಕೆ ಮೊದಲು ಟಿಪಿಎಂಟಿ ಎಂಬ ರಕ್ತ ಪರೀಕ್ಷೆ (ಈ ಔಷಧಿ ನಿಮ್ಮ ಮೈಗೆ ಒಗ್ಗುತ್ತದೆಯೇ ಎಂದು ನೋಡಲು) ಮಾಡುವುದು ರೂಢಿ. ಎನ್‌ಯುಡಿಟಿ15 ಎಂಬ ಜೀನ್‌ನ ಬದಲಾವಣೆ ನಮ್ಮವರಲ್ಲಿ ಯುರೋಪಿನವರಿಗಿಂತ ಹೆಚ್ಚು ಕಾಣುತ್ತದೆ. ಅದು ಇದ್ದವರಿಗೆ ಈ ಮಾತ್ರೆಯಿಂದ ಬಿಳಿ ರಕ್ತಕಣ ತೀರಾ ಕುಸಿಯಬಹುದು. "ಅದನ್ನೂ ನೋಡ್ತೀರಾ?" ಅಂದರೆ ಸಾಕು.

ರೋಗ ಗೊತ್ತಾದ ಮೇಲೆ ನಿಮಗೆ ನಿಜವಾದ ಆಸರೆ ಐಬಿಡಿ ನರ್ಸ್. ಹೆಚ್ಚಿನ ಆಸ್ಪತ್ರೆಗಳಲ್ಲಿ ಅವರದೇ ಫೋನ್ ಲೈನ್ ಇರುತ್ತದೆ. ಕನ್ಸಲ್ಟೆಂಟ್ ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ದೂರ ಇರಬಹುದು, ರೋಗ ಕೆರಳಿದಾಗ ಅಷ್ಟು ದಿನ ಕಾಯಬೇಡಿ. ನರ್ಸ್‌ಗೆ ಮೆಸೇಜ್ ಬಿಡಿ. ಇನ್ನೊಂದು ಮಾತು: ಸ್ಟೀರಾಯ್ಡ್ ತೆಗೆದುಕೊಂಡಾಗ ಆರಾಮ ಎನಿಸುತ್ತದೆ ನಿಜ, ಆದರೆ ಅದು ಕೆರಳಿದ್ದನ್ನು ತಣಿಸುವ ಔಷಧಿ ಅಷ್ಟೆ, ವರ್ಷಗಟ್ಟಲೆ ನುಂಗುವುದಲ್ಲ. ಹಾಗಂತ ತಟ್ಟನೆ ನಿಲ್ಲಿಸಲೂ ಬಾರದು, ಅವರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು. ನೋವಿಗೆ ಐಬುಪ್ರೊಫೆನ್ ನೀವೇ ಕೊಂಡು ನುಂಗಬೇಡಿ, ರೋಗ ಕೆರಳಬಹುದು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ರಿಸ್ಕ್ರಿಪ್ಷನ್ ದರ ಒಂದು ಔಷಧಿಗೆ 9.90 ಪೌಂಡ್ ಆಯಿತು. ವರ್ಷಕ್ಕೆಲ್ಲ ಒಟ್ಟಿಗೆ ಮೊದಲೇ ಕಟ್ಟುವ ಪ್ರಿಪೇಮೆಂಟ್ ಸರ್ಟಿಫಿಕೇಟ್‌ಗೆ ಆಗ 114.50 ಪೌಂಡ್ ಆಯಿತು. ಈ ದರದಲ್ಲಿ ವರ್ಷಕ್ಕೆ ಹನ್ನೊಂದು ಔಷಧಿ ದಾಟುವವರಿಗೆ ಇದೇ ಲಾಭ. ಐಬಿಡಿ ಇದೆ ಎಂದ ಮಾತ್ರಕ್ಕೆ ಇಲ್ಲಿ ಔಷಧಿ ಉಚಿತವಲ್ಲ, ಅದು ನನಗೆ ಅನ್ಯಾಯ ಎನಿಸುತ್ತದೆ. ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಈ ಶುಲ್ಕವೇ ಇಲ್ಲ.

ದಿನಕ್ಕೆ ಆರು ಸಲವೋ ಇನ್ನೂ ಜಾಸ್ತಿಯೋ ರಕ್ತಭೇದಿ, ಜೊತೆಗೆ ಜ್ವರ ಅಥವಾ ಎದೆ ಬಡಿತ ಜೋರು ಇದ್ದರೆ ಜೀಪಿ, ನರ್ಸ್ ಯಾರಿಗೂ ಕಾಯಬೇಡಿ. ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ (ಎ ಅಂಡ್ ಇ) ಹೋಗಿ. ಇಂಗ್ಲಿಷ್ ಕಷ್ಟವಾಗುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದರೆ ಕನ್ನಡ ದುಭಾಷಿ ಬೇಕು ಅಂತ ಕೇಳಿ. ಅದಕ್ಕೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.