ಲಿವರ್ ರಿಪೋರ್ಟ್ ಜೊತೆ ಟಿಎಸ್‌ಎಚ್ ಓದುವ ಕ್ರಮ

ಕಲಬುರಗಿಯ ನಮ್ಮ ಹೊರರೋಗಿ ವಿಭಾಗಕ್ಕೆ ಎಎಸ್‌ಟಿ (ಲಿವರ್, ಸ್ನಾಯು ಎರಡರಲ್ಲೂ ಇರುವ ಕಿಣ್ವ) ಏರಿದ ರಿಪೋರ್ಟ್ ಬಂದರೆ, ಅದನ್ನು ಲಿವರಿನ ತಲೆಗೆ ಕಟ್ಟುವ ಮೊದಲು ಇನ್ನು ನಾಲ್ಕನ್ನು ನೋಡುತ್ತೇನೆ: ಮುಖ್ಯವಾಗಿ ಲಿವರಿನ ಕಿಣ್ವವಾದ ಎಎಲ್‌ಟಿ, ಸ್ನಾಯುವಿನಿಂದ ಬಾರದ ಲಿವರ್ ಕಿಣ್ವ ಜಿಜಿಟಿ, ಸ್ನಾಯುವಿನ ಕಿಣ್ವ ಸಿಕೆ, ಮತ್ತು ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಸಾಮಾನ್ಯವಾಗಿ ಏರುವ ಟಿಎಸ್‌ಎಚ್. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಸ್ನಾಯುಗಳಿಂದಲೂ ಎಎಸ್‌ಟಿ ರಕ್ತಕ್ಕೆ ಬರುತ್ತದೆ. ಸಿಕೆ ಹೆಚ್ಚಿದ್ದು ಜಿಜಿಟಿ ಸಹಜವಿದ್ದರೆ ಮೂಲ ಬಹುತೇಕ ಸ್ನಾಯುವೇ. ತೊಗರಿ ರಾಶಿಯಲ್ಲಿ ಮೈಮುರಿದು ದುಡಿದವರಲ್ಲೂ ಹೀಗಾಗುತ್ತದೆ. ಅವರಿಗೆ ಒಂದು ವಾರ ವಿಶ್ರಾಂತಿ ಕೊಟ್ಟು ಮತ್ತೆ ರಕ್ತ ತೆಗೆಸುತ್ತೇನೆ.

ಫ್ಯಾಟಿ ಲಿವರ್ ಇದ್ದವರಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಲಿವರ್ ಗಟ್ಟಿಯಾಗಿದೆಯೇ ಎಂದು ಅಂದಾಜಿಸುವ ಫಿಬ್-4 ಲೆಕ್ಕದಲ್ಲಿ ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲ, ಇವೆರಡರ ಗುಣಲಬ್ಧದಿಂದ ಭಾಗಿಸುತ್ತೇವೆ. 1.3ರೊಳಗಿದ್ದರೆ ನೆಮ್ಮದಿ, 2.67 ದಾಟಿದರೆ ಚಿಂತೆ. ಸ್ನಾಯುವಿನ ಎಎಸ್‌ಟಿ ಸೇರಿಕೊಂಡರೆ ಉತ್ತರ ಸುಮ್ಮನೆ ಮೇಲೇರುತ್ತದೆ. ಟಿಎಸ್‌ಎಚ್ ಹದಕ್ಕೆ ಬಂದ ಮೇಲೆ ಲೆಕ್ಕ ಹೊಸದಾಗಿ ಹಾಕಬೇಕು.

ಸಿರೋಸಿಸ್‌ನಲ್ಲಿ, ಅಂದರೆ ಲಿವರ್ ಗಾಯಗಟ್ಟಿ ಗಡುಸಾದಾಗ, ದಿಕ್ಕು ತಿರುಗುತ್ತದೆ: ಲಿವರ್ ಕಾಯಿಲೆಯೇ ಥೈರಾಯ್ಡ್ ರಿಪೋರ್ಟನ್ನು ಬದಲಿಸುತ್ತದೆ. ಥೈರಾಯ್ಡ್ ಹಾರ್ಮೋನು ಟಿ4 ಅನ್ನು ಹೆಚ್ಚು ಚುರುಕಾದ ಟಿ3 ಮಾಡುವ ಕೆಲಸದಲ್ಲಿ ಲಿವರಿಗೆ ದೊಡ್ಡ ಪಾಲಿದೆ. ಅದು ಸೋತಾಗ ಟಿ3 ಇಳಿಯುತ್ತದೆ, ಟಿಎಸ್‌ಎಚ್ ಸಹಜವಾಗಿಯೋ ತುಸು ಹೆಚ್ಚಾಗಿಯೋ ಇರುತ್ತದೆ. ಬರೀ ಟಿ3 ಕಡಿಮೆ ಎಂದು ಥೈರಾಯ್ಡ್ ಗುಳಿಗೆ ಬರೆಯುವುದು ತಪ್ಪು. ಕಾಮಣಿ ಜೋರಾಗಿದ್ದಾಗ ಹಾರ್ಮೋನು ಹೊರುವ ಪ್ರೋಟೀನು ಹೆಚ್ಚಿ ಒಟ್ಟು ಟಿ4 ಏರಬಹುದು. ಅದಕ್ಕೇ ಪ್ರೋಟೀನಿಗೆ ಅಂಟದ ಫ್ರೀ ಟಿ4 ಕೇಳುತ್ತೇನೆ. ಅದು ಸಹಜವಿದ್ದರೆ, ಕಾಯಿಲೆ ಇಳಿದ ಮೇಲೆ 6ರಿಂದ 8 ವಾರಕ್ಕೆ ಮರುಪರೀಕ್ಷೆ. ಟಿಎಸ್‌ಎಚ್ 20 ದಾಟಿ ಫ್ರೀ ಟಿ4 ಕೆಳಗಿದ್ದರೆ ಮಾತ್ರ ಕಾಯುವುದಿಲ್ಲ.

ಥೈರಾಯ್ಡ್ ಕಡಿಮೆಯಾದವರಿಗೆ ಕೊಡುವ ಲೆವೊಥೈರಾಕ್ಸಿನ್ ಗುಳಿಗೆಯ ಪೂರ್ಣ ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ, ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ದಿನಕ್ಕೆ ಒಟ್ಟು 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ, ಚಹಾಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಲಿವರ್ ತುರಿಕೆಗೆ ಕೊಡುವ ಕೊಲೆಸ್ಟಿರಮೈನ್ ಪುಡಿ ಇದನ್ನು ಹೀರಿಬಿಡುತ್ತದೆ. ಕನಿಷ್ಠ 4 ಗಂಟೆ ಅಂತರ ಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗೂ ಅಷ್ಟೇ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯ ಗೂಡಿನಲ್ಲಿಟ್ಟ ಬಾಟಲಿ ಸತ್ವ ಕಳೆದುಕೊಳ್ಳುತ್ತದೆ. ಪ್ರಮಾಣ ಏರಿಸುವ ಮುಂಚೆ ಅದನ್ನು ಎಲ್ಲಿಟ್ಟಿದ್ದಾರೆಂದು ಕೇಳಲೇಬೇಕು.

ಥೈರಾಯ್ಡ್ ಹೆಚ್ಚಾದವರಿಗೆ ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಗುಳಿಗೆ ಕೊಡುವ ಮೊದಲೇ ಲಿವರ್ ಪರೀಕ್ಷೆ ಮಾಡಿಸಿಟ್ಟಿರುತ್ತೇನೆ. ಇಲ್ಲದಿದ್ದರೆ ಮುಂದೆ ಏರಿದ್ದು ಕಾಯಿಲೆಯಿಂದಲೋ ಔಷಧಿಯಿಂದಲೋ ತಿಳಿಯದು. ಮೂತ್ರ ಗಾಢ ಹಳದಿಯಾದರೆ, ಮೈ ತುರಿಸಿದರೆ, ಗುಳಿಗೆ ನಿಲ್ಲಿಸಿ ಅಂದೇ ಬರಲು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಡುತ್ತೇನೆ.